ಹುಳಿಗೆ ನಾಲ್ಕು ಹೆಸರು

ನಮ್ಮ ಸ್ಕೆಲ್‌ಗಾರ್ತಿನಲ್ಲಿ ಯಾರ ಜಾಮನ್ನೂ ಯಾರೂ ಕೆಟ್ಟದ್ದು ಅನ್ನುವುದಿಲ್ಲ. ಅಷ್ಟರಮಟ್ಟಿಗೆ ಸಂಭಾವಿತರು ನಾವು. ತೀರ ಸಪ್ಪೆಯಾಗಿದ್ದರೆ ‘ನೈಸ್’ ಅನ್ನುತ್ತೇವೆ. ಸೆಪ್ಟೆಂಬರಿನ ಪ್ರದರ್ಶನದಲ್ಲಿ ನಿಮ್ಮ ಸೀಸೆಯ ಮುಂದಿನ ಚೀಟಿಯಲ್ಲಿ ‘ನೈಸ್’ ಎಂದಿದ್ದರೆ, ಸೀಸೆಯನ್ನು ಚೀಲಕ್ಕೆ ಹಾಕಿಕೊಂಡು ಸದ್ದಿಲ್ಲದೆ ಮನೆಗೆ ಹೋಗಬೇಕು. ಒಮ್ಮೆ ಪಾದ್ರಿಯವರ ಹೆಂಡತಿ ಅಂಥ ಚೀಟಿ ಹಿಡಿದುಕೊಂಡು ಎಲ್ಲರಿಗೂ ಹೆಮ್ಮೆಯಿಂದ ತೋರಿಸುತ್ತ ಓಡಾಡಿದ್ದರು. ಪಾಪ, ಇಂಗ್ಲೆಂಡಿನ ದಕ್ಷಿಣದ ಕಡೆಯವರು. ಯಾರೂ ಬಿಡಿಸಿ ಹೇಳಲಿಲ್ಲ.

ಆ ಚೀಟಿಗಳನ್ನು ಬರೆಯುವವಳು ನಾನು, ನೆಟ್ಟಿ ಬ್ರೇಥ್‌ವೇಟ್. ವಾರಕ್ಕೆ ಐದು ದಿನ ಶಾಲೆಯ ವ್ಯಾನು ಓಡಿಸುತ್ತೇನೆ; ವರ್ಷಕ್ಕೊಂದು ದಿನ ತೀರ್ಪುಗಾರ್ತಿ ಮಿಸ್ ಪೆಲ್ ಅವರ ಪಕ್ಕದಲ್ಲಿ ಪೆನ್ನು ಹಿಡಿದು ನಿಲ್ಲುತ್ತೇನೆ. ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ. ಮಿಸ್ ಪೆಲ್ ಪಟ್ಟಣದ ಜಾಮ್ ಕಾರ್ಖಾನೆಯಲ್ಲಿ ಮೂವತ್ತು ವರ್ಷ ರುಚಿ ನೋಡುವ ಕೆಲಸ ಮಾಡಿ ನಿವೃತ್ತರಾದವರು, ಈಗ ಎಪ್ಪತ್ತೆಂಟು ವರ್ಷ. ಹತ್ತರಿಂದ ಹನ್ನೆರಡರವರೆಗೆ ಊರ ಸಭಾಂಗಣದ ಬಾಗಿಲು ಹಾಕಿರುತ್ತದೆ, ಒಳಗೆ ನಾವಿಬ್ಬರೇ. ಸೀಸೆಗಳ ಮೇಲೆ ಹೆಸರಿಲ್ಲ, ಬರೀ ನಂಬರು. ಅವರು ಒಂದು ಚಮಚ ಬಾಯಿಗಿಟ್ಟು, ಕಣ್ಣು ಮುಚ್ಚಿ, ಒಂದು ಮಾತು ಹೇಳುತ್ತಾರೆ. ಹೆಚ್ಚೆಂದರೆ ಎರಡು. ನಾನು ಬರೆಯುತ್ತೇನೆ. ಬರೆಯುವವಳು ರುಚಿ ನೋಡುವಂತಿಲ್ಲ, ಬಾಯಿ ಬಿಡುವಂತಿಲ್ಲ. ಎರಡು ಗಂಟೆ ಬಾಯಿ ಮುಚ್ಚಿಕೊಂಡಿರುವುದು ನನಗೆ ಎಂಥ ಶಿಕ್ಷೆ ಎಂದು ನನ್ನನ್ನು ಬಲ್ಲವರಿಗೆ ಗೊತ್ತು.

ಜಾಮಿನಲ್ಲಿ ಸಿಹಿ ದೊಡ್ಡ ಮಾತಲ್ಲ. ಸಕ್ಕರೆ ಯಾರು ಬೇಕಾದರೂ ಸುರಿಯಬಹುದು. ಲೆಕ್ಕಕ್ಕೆ ಬರುವುದು ಹುಳಿ. ನಮ್ಮದು ಡ್ಯಾಮ್ಸನ್ ಹಣ್ಣಿನ ಸೀಮೆ. ಬೇಲಿಬೇಲಿಯಲ್ಲೂ ಆ ಕಪ್ಪುನೀಲಿ ಪುಟ್ಟ ಹಣ್ಣು ತೂಗುತ್ತಿರುತ್ತದೆ. ಹಾಗೇ ತಿಂದರೆ ಮುಖ ಕಿವುಚಿಕೊಳ್ಳಬೇಕು, ಕುದಿಸಿದರೆ ಅದರಂಥ ಜಾಮ್ ಇನ್ನೊಂದಿಲ್ಲ. ಆ ಹುಳಿಗೆ ಮಿಸ್ ಪೆಲ್ ಹತ್ತಿರ ನಾಲ್ಕು ಹೆಸರು: ಸವರ್, ಶಾರ್ಪ್, ಟಾರ್ಟ್, ಟ್ಯಾಂಗಿ. ನಾಲ್ಕೂ ಹೆಚ್ಚುಕಡಿಮೆ ಒಂದೇ ಎಂದು ನಾನು ತಿಳಿದಿದ್ದೆ. ಊರೂ ಹಾಗೇ ತಿಳಿದಿತ್ತು. ಆದರೆ ಮೊದಲ ಬಹುಮಾನ ಹೋಗುವುದು ಟಾರ್ಟ್‌ಗೆ, ಎರಡನೆಯದು ಶಾರ್ಪ್‌ಗೆ ಎಂಬುದು ಮಾತ್ರ ಮಕ್ಕಳಿಗೂ ಬಾಯಿಪಾಠ. ನಿವೃತ್ತ ಅಂಚೆಯವನು ಸಿರಿಲ್ ಆಸ್ಕ್ಯೂ ಹನ್ನೊಂದು ವರ್ಷದ ಹನ್ನೊಂದು ಶಾರ್ಪ್ ಚೀಟಿಗಳನ್ನು ಅಡುಗೆಮನೆಯ ಗೋಡೆಗೆ ಅಂಟಿಸಿ, ಪ್ರತಿದಿನ ಬೆಳಗಿನ ಟೀ ಜೊತೆ ಅವುಗಳನ್ನು ದುರುಗುಟ್ಟಿ ನೋಡುತ್ತಾನಂತೆ.

ಹೋದ ಸೆಪ್ಟೆಂಬರಿನಲ್ಲಿ ಡ್ಯಾಮ್ಸನ್ ಮೇಜಿನ ಮೇಲೆ ಇಪ್ಪತ್ತೆರಡು ಸೀಸೆ ಇದ್ದವು. ಮಿಸ್ ಪೆಲ್ ಎಂದಿನಂತೆ ಬೂದು ಕೋಟು, ಪಿನ್ನು ಚುಚ್ಚಿದ ಟೋಪಿ. ಮೊದಲ ಸೀಸೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು, ಓರೆ ಮಾಡಿ ಎಷ್ಟು ಗಟ್ಟಿಯಾಗಿದೆ ಎಂದು ನೋಡಿದರು, ಚಮಚ ಬಾಯಿಗಿಟ್ಟು “ಕ್ಲಿಯರ್” ಅಂದರು. ಬರೆದೆ. ಎರಡನೆಯದು “ಬ್ರೈಟ್.” ಮೂರನೆಯದು “ಫರ್ಮ್.” ನಾಲ್ಕನೆಯದು ಮತ್ತೆ “ಕ್ಲಿಯರ್.” ಹತ್ತು ಸೀಸೆ ಆಗುವ ಹೊತ್ತಿಗೆ ನನ್ನ ಕೈಗೇ ಏನೋ ಸರಿಯಿಲ್ಲ ಅನ್ನಿಸಿತು. ಎಲ್ಲವೂ ಕಣ್ಣಿನ ಮಾತು, ಬೆರಳಿನ ಮಾತು. ನಾಲಿಗೆಯ ಮಾತು ಒಂದೂ ಇಲ್ಲ.

ಹನ್ನೊಂದನೆಯ ಸೀಸೆಯ ಮೇಣದ ಕಾಗದ ಎತ್ತಿದ್ದೇ ತಡ, ಸೀದ ವಾಸನೆ ಮೇಜಿನ ಈಚೆಗಿದ್ದ ನನ್ನ ಮೂಗಿಗೆ ಬಂದು ಹೊಡೆಯಿತು. ಬಾಣಲೆಯ ತಳ ಹತ್ತಿದ ಜಾಮ್. ಮಿಸ್ ಪೆಲ್ ಚಮಚ ತುಂಬ ತೆಗೆದು ಬಾಯಿಗಿಟ್ಟರು, ಕಣ್ಣು ಮುಚ್ಚಿದರು, ನುಂಗಿದರು.

“ಕ್ಲೀನ್,” ಅಂದರು.

ನಾನು ಬರೆಯಲಿಲ್ಲ.

“ಬರ್ಕೊ, ನೆಟ್ಟಿ.”

“ಮಿಸ್ ಪೆಲ್, ಇದು ಸೀದಿದೆ,” ಅಂದೆ. ಹತ್ತೊಂಬತ್ತು ವರ್ಷದಲ್ಲಿ ಆ ಮೇಜಿನ ಬಳಿ ನಾನಾಡಿದ ಮೊದಲ ಮಾತು ಅದು.

“ಏನಂದೆ?”

“ತಳ ಹತ್ತಿದೆ. ಇಲ್ಲಿಗೇ ವಾಸನೆ ಹೊಡೀತಿದೆ. ನಿಮ್ಗೆ ಗೊತ್ತಾಗ್ತಿಲ್ವಾ?”

ಅವರು ಚಮಚವನ್ನು ನಿಧಾನವಾಗಿ ತಟ್ಟೆಯಲ್ಲಿಟ್ಟು, ಕುರ್ಚಿ ಎಳೆದುಕೊಂಡು ಕೂತರು. ತೀರ್ಪು ಹೇಳುವಾಗ ಅವರು ಕೂತದ್ದನ್ನು ನಾನು ನೋಡಿಯೇ ಇರಲಿಲ್ಲ.

“ಫೆಬ್ರವರೀಲಿ ಜ್ವರ ಬಂತಲ್ಲ, ಆಗ ಹೋಯ್ತು ಕಣೆ,” ಅಂದರು. “ಮೂಗೂ ಹೋಯ್ತು, ನಾಲಿಗೇನೂ ಹೋಯ್ತು. ವಾಪಸ್ ಬರಬಹುದು, ಬರದೇನೂ ಇರಬಹುದು ಅಂದ್ರು ಡಾಕ್ಟ್ರು. ಏನ್ ಬಾಯಿಗಿಟ್ರೂ ಒದ್ದೆ ಕಾಗದ ತಿಂದ ಹಾಗೆ. ತಿನ್ನೋದೇ ಬಿಟ್ಟಿದೀನಿ, ಹೊಟ್ಟೆ ಕೂಗಿದ್ರೆ ಒಂದಿಷ್ಟು ಗಂಜಿ.”

“ಮತ್ತೆ ಈ ಹತ್ತು ಸೀಸೆ?”

“ಕಣ್ಣಲ್ಲಿ ನೋಡ್ದೆ. ಕಣ್ಣು ಚೆನ್ನಾಗೇ ಇದೆ.”

ನನಗೆ ಮೊದಲು ಬಂದದ್ದು ಸಿಟ್ಟು. ಇಪ್ಪತ್ತೆರಡು ಜನ ಬೆರಳು ಸುಟ್ಟುಕೊಂಡು ಬಾಣಲೆ ಮುಂದೆ ನಿಂತು ಮಾಡಿದ ಜಾಮಿಗೆ ಈಕೆ ಗಾಳಿಯಿಂದ ಮಾತು ಹಿಡಿದು ಅಂಟಿಸುತ್ತಿದ್ದಾರಲ್ಲ! “ಹಾಗಿದ್ರೆ ಯಾಕ್ ಬಂದ್ರಿ? ಒಂದು ಫೋನ್ ಮಾಡಿ ಆಗಲ್ಲ ಅಂದಿದ್ರೆ ಮುಗೀತಿತ್ತು,” ಅಂದೇಬಿಟ್ಟೆ.

“ಅನ್ನಬೇಕು ಅಂತಾನೇ ಇದ್ದೆ. ಒಂದು ವಾರ ಫೋನ್ ಮುಂದೆ ಕೂತಿದ್ದೆ. ಆಗಲ್ಲ ಅಂತ ಒಂದ್ಸಲ ಅಂದ್ಬಿಟ್ರೆ ಮುಂದಿನ ವರ್ಷ ಯಾರೂ ಕರೆಯಲ್ಲ. ಆಮೇಲೆ ನಾನು ಯಾರು ನೆಟ್ಟಿ? ಟೋಪಿ ಹಾಕ್ಕೊಂಡ ಒಬ್ಬ ಮುದುಕಿ.” ಅವರು ಬಾಗಿಲ ಕಡೆ ಕೈ ತೋರಿದರು. “ಹೋಗು, ಕ್ಲೆಮೆಂಟ್‌ಗೆ ಹೇಳಿ ಬಾ. ಬೇರೆಯವರನ್ನ ಕರೀಲಿ.”

ಕ್ಲೆಮೆಂಟ್ ರಡ್ ನಮ್ಮ ಪ್ರದರ್ಶನದ ಕಾರ್ಯದರ್ಶಿ. ನಿಯಮಾವಳಿಯನ್ನು ಕೋಟಿನ ಜೇಬಿನಲ್ಲೇ ಇಟ್ಟುಕೊಂಡು ತಿರುಗುವ ಮನುಷ್ಯ. ಅವನಿಗೆ ಹೇಳಿದರೆ ಐದೇ ನಿಮಿಷದಲ್ಲಿ ಮಿಸ್ ಪೆಲ್ ಅವರನ್ನು ಬಹಳ ಮರ್ಯಾದೆಯಿಂದ ಕಾರಿನಲ್ಲಿ ಕೂರಿಸಿ ಮನೆಗೆ ಕಳಿಸುತ್ತಿದ್ದ. ನಾನು ಬಾಗಿಲವರೆಗೆ ಹೋದೆ. ಹಿಂತಿರುಗಿ ನೋಡಿದರೆ ಅವರು ಆ ಸೀದ ಸೀಸೆಯ ಅಂಚನ್ನು ಒರೆಸಿ ಮುಚ್ಚಳ ಹಾಕುತ್ತಿದ್ದರು. ನನ್ನ ಸಿಟ್ಟೆಲ್ಲ ಜರ್ರನೆ ಇಳಿದುಹೋಯಿತು.

“ನಾನು ತಿಂತೀನಿ, ನೀವು ಹೆಸರು ಹೇಳಿ,” ಅಂದೆ.

“ನಿಯಮ ಇದೆ.”

“ನೀವಾಗ್ಲೇ ಹನ್ನೊಂದು ಸಲ ಮುರಿದಾಯ್ತು. ಉಳಿದದ್ದು ನಾನು ಮುರೀತೀನಿ.”

ಅವರು ನನ್ನನ್ನು ಸೀಸೆ ನೋಡುವಂತೆ ಮೇಲಿಂದ ಕೆಳಗೆ ನೋಡಿದರು. “ಒಂದು ಷರತ್ತು. ಮುಗಿದ್ಮೇಲೆ, ಬಾಗಿಲು ತೆಗೆಯೋಕೆ ಮುಂಚೆ, ಕ್ಲೆಮೆಂಟ್‌ಗೆ ನಾನೇ ಹೇಳ್ತೀನಿ. ಕದ್ದುಮುಚ್ಚಿ ಬೇಡ. ನನ್ನನ್ನ ತೆಗೆದ್ರೂ ಪರವಾಗಿಲ್ಲ, ಚೀಟಿ ಸುಳ್ಳಾಗಬಾರ್ದು.”

ಬರೆದಿದ್ದ ಹತ್ತು ಚೀಟಿಗಳನ್ನು ಹರಿದು ಬುಟ್ಟಿಗೆ ಹಾಕಿ ಒಂದನೆಯ ಸೀಸೆಯಿಂದ ಶುರುಮಾಡಿದೆವು. ನಾನು ಚಮಚ ಬಾಯಿಗಿಟ್ಟೆ.

“ಸವರ್,” ಅಂದೆ.

“ಅಷ್ಟು ಬೇಗ ಆ ಮಾತು ಖರ್ಚು ಮಾಡ್ಬೇಡ. ಹೆಸರು ನನ್ನ ಕೆಲಸ, ನೀನು ನಡೆದದ್ದನ್ನಷ್ಟೇ ಹೇಳು. ಎಲ್ಲಿ ತಗುಲ್ತು?”

“ಬಾಯಲ್ಲಿ.”

“ಮೊಣಕೈಲಿ ತಗುಲುತ್ತೆ ಅಂತ ನಾನೂ ಅಂದ್ಕೊಂಡಿರ್ಲಿಲ್ಲ. ತುದೀಲಾ, ಪಕ್ಕದಲ್ಲಾ?”

“ತುದೀಲಿ. ಆಮೇಲೆ ಪಕ್ಕಕ್ಕೆ ಬಂತು.”

“ಬಂದು ಕೂತಿದ್ಯಾ, ಹೋಯ್ತಾ?”

“ಹೋಯ್ತು. ಫಕ್ಕನೆ ಬಂತು, ಕುಟುಕ್ತು, ಹೋಯ್ತು.”

“ಹೋದ್ಮೇಲೆ ಏನುಳೀತು? ಹಣ್ಣಾ, ಬರೀ ಸಕ್ಕರೇನಾ?”

“ಸಕ್ಕರೆ.”

“ಶಾರ್ಪ್. ಬರ್ಕೊ,” ಅಂದರು. ಅವರ ಬೆನ್ನು ನೆಟ್ಟಗಾಗಿತ್ತು.

ಹೀಗೆ ಒಂದೊಂದೇ ಸೀಸೆ ಮುಂದಕ್ಕೆ ಹೋಯಿತು. ನಡುನಡುವೆ ನಾನು ಒಂದು ಚೂರು ಒಣ ಬಿಸ್ಕತ್ತು ಕಡಿದು ನೀರು ಕುಡಿಯುತ್ತಿದ್ದೆ, ಅವರು ಪಾಠ ಹೇಳುತ್ತಿದ್ದರು. “ಬಂದು ಕೂತು ಏನ್ ಮಾಡಿದ್ರೂ ಏಳಲ್ಲ ಅಂದ್ರೆ ಸವರ್. ಹಣ್ಣು ಇನ್ನೂ ಕಾಯಿ ಅಂತ ಅರ್ಥ. ಕುಟುಕಿ ಹೋದ್ರೆ ಶಾರ್ಪ್. ಹುಳಿ ಹಿಂದೇನೇ ಹಣ್ಣೂ ಬಂದು, ಇನ್ನೊಂದು ಚಮಚ ಇದ್ರೆ ಆಗ್ತಿತ್ತು ಅನ್ನಿಸಿದ್ರೆ ಟಾರ್ಟ್.”

“ಟ್ಯಾಂಗಿ?”

“ಅದು ಮೂಗಿಗೆ ಏರೋ ಹುಳಿ. ಕಿತ್ತಳೆ ಸಿಪ್ಪೆಗೆ ಸರಿ. ಡ್ಯಾಮ್ಸನ್‌ಗೆ ಟ್ಯಾಂಗಿ ಅಂದವನು ಜಾಹೀರಾತು ಬರೆಯೋನೇ ಇರಬೇಕು.”

ಅರವತ್ತಮೂರು ವರ್ಷ ನಾನು ಡ್ಯಾಮ್ಸನ್ ಜಾಮ್ ತಿಂದಿದ್ದೇನೆ, ಮತ್ತು ಅವತ್ತಿನವರೆಗೆ ತಿಂದೇ ಇರಲಿಲ್ಲ. ಬಾಯೊಳಗೆ ಇಷ್ಟೆಲ್ಲ ನಡೆಯುತ್ತದೆಂದು ಯಾರು ಕಂಡಿದ್ದರು? ಹದಿನಾಲ್ಕನೆಯ ಸೀಸೆಯ ಹುಳಿ ದವಡೆಯಲ್ಲಿ ಬೀಡುಬಿಟ್ಟು ಏಳಲೇ ಇಲ್ಲ. ಬಿಸ್ಕತ್ತಿಗೂ ಬಗ್ಗಲಿಲ್ಲ, ನೀರಿಗೂ ಬಗ್ಗಲಿಲ್ಲ; ನನಗೆ ಮಾತಾಡಲು ಎರಡು ನಿಮಿಷ ಬೇಕಾಯಿತು. “ಸವರ್” ಎಂದು ಬರೆದೆವು.

ಹದಿನೇಳನೆಯದನ್ನು ಬಾಯಿಗಿಟ್ಟೆ, ಅಲ್ಲೇ ನಿಂತೆ. ಅದು ಯಾರ ಸೀಸೆ ಎಂದು ನನಗೆ ಗೊತ್ತಾಗಿಹೋಯಿತು. ನಂಬರಿನ ಹಿಂದೆ ಎಷ್ಟೇ ಅಡಗಿಸಿದರೂ ಆ ಮರದ ಹಣ್ಣನ್ನು ನಾನು ಹೇಗೆ ಮರೆಯಲಿ? ಅದು ನಾನು ಹುಟ್ಟಿದ ಮನೆಯ ಹಿತ್ತಿಲಿನ ಮರ. ಆ ಮನೆಯಲ್ಲಿ ಈಗ ನನ್ನ ತಮ್ಮನ ಹೆಂಡತಿ ಹಿಲ್ಡಾ ಇದ್ದಾಳೆ. ಅಮ್ಮ ಸತ್ತ ವಾರವೇ ಅಮ್ಮನ ಹಿತ್ತಾಳೆ ಬಾಣಲೆ ತನ್ನದು ಎಂದು ಎತ್ತಿಟ್ಟುಕೊಂಡವಳು. ಐದು ವರ್ಷದಿಂದ ನಮ್ಮಿಬ್ಬರ ಮಧ್ಯೆ ಹವಾಮಾನ ಬಿಟ್ಟು ಬೇರೆ ಮಾತಿಲ್ಲವೆಂಬುದು ಊರಿಗೆಲ್ಲ ಗೊತ್ತು. ಹುಳಿ ತುದಿಗೆ ತಗುಲಿತು, ಪಕ್ಕಕ್ಕೆ ಸರಿಯಿತು, ಮತ್ತು ಅದರ ಬೆನ್ನಿಗೇ ಹಣ್ಣು ತುಂಬಿಕೊಂಡು ಬಂತು.

“ಬಂದು ಹೋಯ್ತಾ, ಕೂತಿದ್ಯಾ?” ಮಿಸ್ ಪೆಲ್ ಕೇಳಿದರು.

“ಕೂತಿದೆ,” ಅಂದೆ.

ಹೇಳಿದ ಮೇಲೆ ಪೆನ್ನು ತೆಗೆದುಕೊಂಡೆ. ನಾನು ತಲೆ ಎತ್ತಿದಾಗ ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

“ಕೂತಿದ್ರೆ ನಿನ್ನ ದವಡೆ ಇಷ್ಟು ಸಲೀಸಾಗಿ ಆಡ್ತಿರ್ಲಿಲ್ಲ. ಹದಿನಾಲ್ಕನೇದಕ್ಕೆ ನಿನ್ನ ಮುಖ ನೋಡಿದೀನಿ ನಾನು. ಇದು ಹಿಲ್ಡಾಳ್ದಾ?”

ನಾಚಿಕೆಯಿಂದ ಸತ್ತುಹೋಗಬೇಕು ಅನ್ನಿಸಿತು. ನಾಲಿಗೆ ಇಲ್ಲದವರು ಸತ್ಯಕ್ಕಾಗಿ ತಮ್ಮ ಜಾಗವನ್ನೇ ಬಿಟ್ಟುಕೊಡಲು ತಯಾರಿದ್ದರು, ನಾಲಿಗೆ ಇದ್ದವಳು ಒಂದು ಬಾಣಲೆಗಾಗಿ ಸುಳ್ಳು ಹೇಳಿದ್ದೆ.

“ಹೌದು. ಕೂತಿಲ್ಲ. ಹಿಂದೇನೇ ಹಣ್ಣು ಬಂತು. ಈಗ್ಲೂ ಇದೆ, ಗಂಟಲ ಹತ್ರ.”

“ಇನ್ನೊಂದು ಚಮಚ?”

“ಬೇಕು,” ಅಂದೆ. ಅಷ್ಟು ಹೇಳುವಷ್ಟರಲ್ಲಿ ಕಣ್ಣಲ್ಲಿ ನೀರು ಬಂದಿತ್ತು. “ಹಾಳಾದೋಳು, ಅಮ್ಮನ ಹಾಗೇ ಮಾಡಿದಾಳೆ.”

“ಟಾರ್ಟ್,” ಅಂದರು ಮಿಸ್ ಪೆಲ್. ಬೈಯಲಿಲ್ಲ. ಮುಂದಿನ ಸೀಸೆಯ ಮುಚ್ಚಳ ತೆಗೆದು ನನ್ನ ಮುಂದಿಟ್ಟರು.

ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಕ್ಲೆಮೆಂಟನನ್ನು ಒಳಗೆ ಕರೆದೆವು. ಮಿಸ್ ಪೆಲ್ ನಿಂತೇ ಹೇಳಿದರು, ಒಂದು ಮಾತೂ ಮುಚ್ಚಿಡದೆ. ಅವನ ಮುಖ ಬಿಳಚಿಕೊಂಡಿತು. ಜೇಬಿನಿಂದ ನಿಯಮಾವಳಿ ಹೊರಬಂತು.

“ಆರನೇ ನಿಯಮ. ತೀರ್ಪುಗಾರರು ಪ್ರತಿಯೊಂದು ಸೀಸೆಯನ್ನೂ ಖುದ್ದಾಗಿ ಸವಿಯತಕ್ಕದ್ದು. ಅಯ್ಯೋ ಮಿಸ್ ಪೆಲ್, ಏನ್ ಮಾಡ್ಲಿ ನಾನೀಗ? ಹೊರಗಡೆ ಜನ ಸಾಲು ನಿಂತಿದಾರೆ.”

“ಬಾಗಿಲು ತೆಗಿ. ಎಲ್ಲರಿಗೂ ಹೇಳು. ಯಾರದಾದ್ರೂ ಆಕ್ಷೇಪ ಇದ್ರೆ ತೀರ್ಪು ರದ್ದು ಮಾಡು, ನಾನು ಹೊರಡ್ತೀನಿ.”

ಅವನು ಹಾಗೇ ಮಾಡಿದ. ಕುರ್ಚಿಯ ಮೇಲೆ ಹತ್ತಿ ನಿಂತು, ಬೆವರೊರೆಸಿಕೊಳ್ಳುತ್ತ, ಮಿಸ್ ಪೆಲ್ ಅವರ ನಾಲಿಗೆಯ ಸುದ್ದಿಯನ್ನು ಊರಿಗೆಲ್ಲ ಹೇಳಿದ. ನಾವು ಇಂಗ್ಲಿಷ್ ಜನ. ಇಂಥ ಹೊತ್ತಿನಲ್ಲಿ ಎಲ್ಲರೂ ತಂತಮ್ಮ ಬೂಟು ನೋಡಿಕೊಳ್ಳುತ್ತೇವೆ. ಮಿಸ್ ಪೆಲ್ ಟೋಪಿಯ ಪಿನ್ನು ಮುಟ್ಟಿ ನೋಡಿಕೊಂಡರು, ಕೈಚೀಲ ಎತ್ತಿಕೊಂಡರು.

“ನನ್ನ ಜಾಮ್‌ಗೆ ಸವರ್ ಅಂದೋರು ಯಾರು?”

ಸಿರಿಲ್ ಆಸ್ಕ್ಯೂ. ಹದಿನಾಲ್ಕನೆಯ ಸೀಸೆಯನ್ನು ಎದೆಗವಚಿಕೊಂಡು ಗುಂಪು ಸೀಳಿಕೊಂಡು ಬರುತ್ತಿದ್ದ. ಹನ್ನೊಂದು ವರ್ಷದ ಎರಡನೆಯ ಸ್ಥಾನವೂ ಕೈಬಿಟ್ಟು ಅವನ ಮುಖ ಕೆಂಡವಾಗಿತ್ತು.

“ತಿಂದವಳು ನಾನು,” ಅಂದೆ.

“ಹೆಸರಿಟ್ಟವಳು ನಾನು,” ಅಂದರು ಮಿಸ್ ಪೆಲ್.

ಸಿರಿಲ್ ನನ್ನ ಕೈಯಿಂದ ಚಮಚ ಕಿತ್ತುಕೊಂಡು ತನ್ನದೇ ಜಾಮನ್ನು ಬಾಯಿಗೆ ಹಾಕಿಕೊಂಡ. ಊರೆಲ್ಲ ಅವನ ಬಾಯಿ ನೋಡುತ್ತಿತ್ತು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಅವನ ಒಂದು ಕಣ್ಣು ಸಣ್ಣದಾಯಿತು, ಕೆನ್ನೆ ಒಳಕ್ಕೆ ಹೋಯಿತು, ಮತ್ತು ಅಲ್ಲೇ ಉಳಿಯಿತು.

“ಹಣ್ಣು ಯಾವಾಗ ಕಿತ್ತೆ ಸಿರಿಲ್?” ಮಿಸ್ ಪೆಲ್ ಕೇಳಿದರು.

“ಆಗಸ್ಟ್ ಕೊನೇಲಿ,” ಅಂದ, ಬಾಯಿ ಪೂರ್ತಿ ತೆರೆಯಲಾಗದೆ. “ಹಕ್ಕಿಗಳು ತಿಂದ್ಬಿಡ್ತವೆ ಅಂತ.”

“ಒಂದು ವಾರ ಬಿಡ್ಬೇಕಿತ್ತು. ಹಕ್ಕಿಗೆ ಒಂದಿಷ್ಟು ಹೋದ್ರೆ ಹೋಗ್ಲಿ.”

“ನಿಮ್ಗೆ ಏನೂ ರುಚಿ ಗೊತ್ತಾಗಲ್ಲ ಅಂದ್ರಲ್ಲ, ಇದು ಹೇಗ್ ಗೊತ್ತಾಯ್ತು?”

“ಹುಳಿ ಏಳ್ತಾ ಇಲ್ಲ ಅಂದ್ಳು ನೆಟ್ಟಿ. ಮುಖಾನೂ ನೋಡ್ದೆ. ಕಾಯಿ ಕಿತ್ತಿದ್ರೆ ಮಾತ್ರ ಹಾಗಾಗೋದು.”

ಸಿರಿಲ್ ತನ್ನ ಸೀಸೆ ನೋಡಿದ, ನನ್ನನ್ನು ನೋಡಿದ, ಕುರ್ಚಿಯ ಮೇಲೆ ಇನ್ನೂ ನಿಂತೇ ಇದ್ದ ಕ್ಲೆಮೆಂಟನತ್ತ ತಿರುಗಿದ. “ಇಳಿ ಮಾರಾಯ ಕೆಳಕ್ಕೆ. ತಿನ್ನೋರಿಗೇನು ಈ ಊರಲ್ಲಿ ಬರ ಬಂದಿದ್ಯಾ? ನಾನೇ ಬಂದು ತಿಂತೀನಿ ಬೇಕಿದ್ರೆ. ತಿಂದದ್ದು ಏನು ಅಂತ ಹೇಳೋರು ಇರೋದು ಇವ್ರೊಬ್ರೇ. ನಿನ್ನ ಆರನೇ ನಿಯಮ ತಿದ್ಕೊ.”

“ಅದು ಸಮಿತೀಲಿ ತೀರ್ಮಾನ ಆಗ್ಬೇಕು,” ಅಂದ ಕ್ಲೆಮೆಂಟ್.

“ಸಮಿತಿ ಅಂದ್ರೆ ಯಾರು? ನೀನು, ನಾನು, ಹಿಲ್ಡಾ.”

“ನನ್ನದೇನೂ ಅಡ್ಡಿಯಿಲ್ಲಪ್ಪ,” ಎಂದು ಹಿಂದಿನಿಂದ ಹಿಲ್ಡಾಳ ದನಿ ಬಂತು. ಕೆಂಪು ಪಟ್ಟಿಯ ಮೊದಲ ಬಹುಮಾನ ಆಗಲೇ ಅವಳ ಎದೆಯ ಮೇಲಿತ್ತು, ಅಡ್ಡಿ ಯಾಕಿರುತ್ತದೆ? ಎಲ್ಲರೂ ನಕ್ಕರು. ಕ್ಲೆಮೆಂಟ್ ಕೆಳಗಿಳಿದು, ಜೇಬಿನಿಂದ ಪೆನ್ಸಿಲ್ ತೆಗೆದು, ಆರನೆಯ ನಿಯಮದ ಪಕ್ಕದಲ್ಲಿ ಏನೋ ಗೀಚಿಕೊಂಡ. ಮಿಸ್ ಪೆಲ್ ಕೈಚೀಲವನ್ನು ಮತ್ತೆ ಮೇಜಿನ ಮೇಲಿಟ್ಟರು.

ಮಧ್ಯಾಹ್ನ ಟೀ ಕೊಡುವ ಸರದಿ ಹಿಲ್ಡಾಳದು. ನಾವಿಬ್ಬರು ಕೂತಿದ್ದ ಮೂಲೆಗೆ ಟೀ ತಂದಳು. ತಟ್ಟೆಯಲ್ಲಿ ಬೆಣ್ಣೆ ಹಚ್ಚಿದ ಬ್ರೆಡ್ಡು, ಅದರ ಮೇಲೆ ಅವಳದೇ ಡ್ಯಾಮ್ಸನ್.

“ನನಗೆ ಬೇಡ ಹಿಲ್ಡಾ. ಸುಮ್ನೆ ದಂಡ,” ಅಂದರು ಮಿಸ್ ಪೆಲ್. ಒಂದು ಗಳಿಗೆ ತಟ್ಟೆಯನ್ನೇ ನೋಡಿದರು. ಆಮೇಲೆ ಒಂದು ತುಂಡು ಎತ್ತಿಕೊಂಡು ಇನ್ನೊಂದನ್ನು ನನ್ನ ಕೈಗಿಟ್ಟರು. “ನೀನೂ ಕಚ್ಚು. ಹೇಳು.”

ಹಿಲ್ಡಾ ಟೀಪಾಟ್ ಹಿಡಿದು ಅಲ್ಲೇ ನಿಂತಿದ್ದಳು. ಅವಳ ಮುಂದೆಯೇ ಹೇಳಬೇಕಾಯಿತು.

“ಮೊದ್ಲು ಬೆಣ್ಣೆ,” ಅಂದೆ. “ಉಪ್ಪುಪ್ಪು. ಈಗ ತುದೀಲಿ ಹುಳಿ ತಗುಲ್ತಿದೆ. ಜೋರಾಗೇನಿಲ್ಲ, ಮೆಲ್ಲಗೆ. ಪಕ್ಕಕ್ಕೆ ಬಂತು. ಈಗ ಹಣ್ಣು ಬಂತು ಮಿಸ್ ಪೆಲ್, ಪೂರ್ತಿ ಹಣ್ಣು, ಬಿಸಿಲಲ್ಲಿ ಮಾಗಿದ್ದು. ನಮ್ಮಮ್ಮ ಮಾಡ್ತಿದ್ದದ್ದಕ್ಕಿಂತ ಒಂದು ಕೂದಲೆಳೆ ಚೆನ್ನಾಗೇ ಇದೆ.”

ಅವರು ಕಣ್ಣು ಮುಚ್ಚಿ ನಿಧಾನವಾಗಿ ಅಗಿಯುತ್ತಿದ್ದರು.

“ಸಿಕ್ತಾ?” ಹಿಲ್ಡಾ ಮೆಲ್ಲಗೆ ಕೇಳಿದಳು.

“ಇಲ್ಲ. ಆದ್ರೆ ಎಲ್ಲಿರುತ್ತಿತ್ತು ಅಂತ ನೆನಪಾಗ್ತಿದೆ,” ಅಂದರು ಮಿಸ್ ಪೆಲ್, ಕಣ್ಣು ತೆರೆಯದೆ. “ನಿಲ್ಲಿಸ್ಬೇಡ ನೆಟ್ಟಿ, ಹೇಳ್ತಾ ಹೋಗು.”

ನಾನು ಹೇಳುತ್ತ ಹೋದೆ. ಅವರು ಬ್ರೆಡ್ಡಿನ ಅಂಚನ್ನೂ ಬಿಡದೆ ತಿಂದರು.